ನಿಧಿ, ನಿಕ್ಷೇಪ, ಆಗಾಮಿ

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ತಾಲ್ಲೂಕುಗಳಲ್ಲಿ ಶಾಸನದ ಕಲ್ಲುಗಳಿಗೆ ಬರವಿಲ್ಲ. ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ಹೊಲದ ಬದುವಿನಲ್ಲಿ ಅವು ನಿಂತಿವೆ, ಕೆಲವು ಮಲಗಿವೆ. ಬಿ. ಎಲ್. ರೈಸ್ ಅವರು ಈ ಜಿಲ್ಲೆಯ ಶಾಸನಗಳನ್ನು ಒಟ್ಟುಗೂಡಿಸಿ ೧೯೦೨ರಲ್ಲಿ ‘ಎಪಿಗ್ರಾಫಿಯ ಕರ್ನಾಟಿಕ’ದ ಐದನೆಯ ಸಂಪುಟವಾಗಿ ಪ್ರಕಟಿಸಿದರು. ದಾನಶಾಸನಗಳನ್ನು ಓದುವ ಅಭ್ಯಾಸವುಳ್ಳವರಿಗೆ ‘ಅಷ್ಟಭೋಗ ತೇಜಸ್ವಾಮ್ಯ’ ಎಂಬ ಮಾತು ಚಿರಪರಿಚಿತವಾದದ್ದು. ಊರೊಂದನ್ನು ದಾನ ಕೊಡುವಾಗ ಬರಿಯ ಗದ್ದೆ ಬೆದ್ದಲುಗಳನ್ನು ಕೊಟ್ಟರೆ ಸಾಲದು. ಅದರೊಡನೆ ಎಂಟು ಬಗೆಯ ಅನುಭೋಗಗಳನ್ನೂ ಹೆಸರಿಸಿ ಕೊಡಬೇಕು. ಅವು ನಿಧಿ, ನಿಕ್ಷೇಪ, ಜಲ, ಪಾಷಾಣ, ಅಕ್ಷೀಣಿ, ಆಗಾಮಿ, ಸಿದ್ಧ, ಸಾಧ್ಯ. ನೆಲದಡಿಯಲ್ಲಿ ಹೂಳಿದ್ದು, ಇಟ್ಟದ್ದು, ನೀರು, ಕಲ್ಲು, ಕ್ಷಯವಿಲ್ಲದ್ದು, ಮುಂದೆ ಬರುವುದು, ಈಗಾಗಲೇ ಕೈಗೂಡಿರುವುದು, ಕೈಗೂಡಿಸಿಕೊಳ್ಳಬಹುದಾದದ್ದು ಎಂದು ಸ್ಥೂಲವಾಗಿ ಅರ್ಥ ಹೇಳಬಹುದು. ಕಣ್ಣಿಗೆ ಕಾಣದ ಸಂಪತ್ತಿಗೂ, ಇನ್ನೂ ಹುಟ್ಟದಿರುವ ಸಂಪತ್ತಿಗೂ ಒಡೆಯರು ಯಾರೆಂಬುದನ್ನು ನಮ್ಮ ಪೂರ್ವಿಕರು ಕಲ್ಲಿನ ಮೇಲೆ ಬರೆದಿಟ್ಟಿದ್ದರು.

ಇಂದು ನಾನು ಹೇಳಹೊರಟಿರುವುದು ಉತ್ತರ ಯೂರೋಪಿನ ಕಡಲಿನ ಅಡಿಯಲ್ಲಿ ದೊರೆತ ಎಣ್ಣೆಯ ಮತ್ತು ಅನಿಲದ ಚರಿತ್ರೆಯನ್ನು. ಶಾಸನದ ಕಲ್ಲಿನಿಂದ ಹಿಮದ ಕಡಲಿಗೆ ಇದೆಂಥ ಹಾರಾಟ ಎಂದು ವಾಚಕರು ಹುಬ್ಬೇರಿಸುವುದು ಬೇಡ. ನಡುವೆ ಒಂದು ಸೇತುವೆಯಿದೆ. ಅದು ನಮ್ಮ ಹಾಸನದ ನೆಲದಡಿಯಲ್ಲಿಯೇ ಇದೆ.

ಮಂಗಳೂರಿನ ತೈಲ ಶುದ್ಧೀಕರಣಾಗಾರದಿಂದ ಹೊರಟ ಒಂದು ಉಕ್ಕಿನ ಕೊಳವೆ ಘಟ್ಟವನ್ನು ಹತ್ತಿ, ಹಾಸನಕ್ಕೆ ಬಂದು, ಅಲ್ಲಿಂದ ಬೆಂಗಳೂರಿನ ಸಮೀಪದ ದೇವನಗೊಂದಿಯವರೆಗೆ ಹೋಗುತ್ತದೆ. ಸುಮಾರು ೩೬೦ ಕಿಲೋಮೀಟರು ಉದ್ದದ ಈ ಕೊಳವೆಯಲ್ಲಿ ೨೦೦೩ರಿಂದ ಪೆಟ್ರೋಲು, ಡೀಸೆಲುಗಳು ಹರಿಯುತ್ತಿವೆ. ಅಡುಗೆ ಅನಿಲಕ್ಕೆ ಬೇರೆಯೇ ಒಂದು ಕೊಳವೆ ಮಂಗಳೂರಿನಿಂದ ಹಾಸನದ ದಾರಿಯಾಗಿ ಮೈಸೂರು, ಬೆಂಗಳೂರುಗಳ ಕಡೆಗೆ ಹೋಗಿದೆ. ತಾವು ರಾತ್ರಿ ಮಲಗಿರುವಾಗಲೂ ತೋಟದ ಕೆಳಗೆ, ಗದ್ದೆಯ ಕೆಳಗೆ ಎಣ್ಣೆ ಸದ್ದಿಲ್ಲದೆ ನಡೆಯುತ್ತಿರುತ್ತದೆ. ಮೇಲೆ ಕಾಣುವುದು ಅಲ್ಲಲ್ಲಿ ನೆಟ್ಟ ಎಚ್ಚರಿಕೆಯ ಫಲಕಗಳು ಮಾತ್ರ.

ಇಂಥ ಕೊಳವೆಗಳಿಗಾಗಿ ೧೯೬೨ರಲ್ಲಿ ಪಾರ್ಲಿಮೆಂಟು ಒಂದು ಕಾನೂನನ್ನು ಮಾಡಿದೆ. ಅದರ ಏರ್ಪಾಡು ವಿಚಿತ್ರವಾದದ್ದು. ನೆಲ ರೈತನದಾಗಿಯೇ ಉಳಿಯುತ್ತದೆ; ಸರ್ಕಾರ ಪಡೆದುಕೊಳ್ಳುವುದು ಅದನ್ನು ಬಳಸುವ ಹಕ್ಕನ್ನು ಮಾತ್ರ. ಕೊಳವೆ ಹಾಯ್ದ ಪಟ್ಟಿಯಲ್ಲಿ ರೈತನು ಉಳಬಹುದು, ಬಿತ್ತಬಹುದು. ಆದರೆ ಮನೆ ಕಟ್ಟಕೂಡದು, ಬಾವಿ ಕೆರೆಗಳನ್ನು ತೋಡಕೂಡದು, ಮರ ನೆಡಕೂಡದು. ಅಗೆಯುವಾಗ ಆದ ನಷ್ಟವನ್ನು ಕಟ್ಟಿಕೊಡುವುದಲ್ಲದೆ, ಈ ನಿರ್ಬಂಧಕ್ಕಾಗಿ ಆ ನೆಲದ ಪೇಟೆ ಬೆಲೆಯಲ್ಲಿ ಹತ್ತರಲ್ಲೊಂದು ಪಾಲನ್ನು ಪರಿಹಾರವಾಗಿ ಕೊಡಬೇಕೆಂದು ಕಾನೂನು ಹೇಳುತ್ತದೆ. ಅದು ಒಂದು ಸಲ ಕೊಡುವ ಹಣ. ಅದರ ಮೇಲೆ ಎಷ್ಟು ವರ್ಷ ಎಷ್ಟು ಎಣ್ಣೆ ಹರಿದರೂ ಆ ಊರಿಗೆ ಅದರಲ್ಲಿ ಪಾಲಿಲ್ಲ.

ಹಿಂದೆ ಹಾಗಿರಲಿಲ್ಲ ಎಂಬುದಕ್ಕೆ ಶಾಸನಗಳೇ ಸಾಕ್ಷಿ. ಊರಿನ ದಾರಿಯಲ್ಲಿ ಹಾದುಹೋಗುವ ಎತ್ತಿನ ಹೇರುಗಳ ಮೇಲೆ, ಅಡಕೆಗೆ ಇಷ್ಟು, ಎಣ್ಣೆಗೆ ಇಷ್ಟು ಎಂದು ಸುಂಕ. ಆ ಸುಂಕವನ್ನೂ ಊರಿನ ಗಾಣದ ಎಣ್ಣೆಯನ್ನೂ ದೇವರ ನಂದಾದೀವಿಗೆಗೆ ಬಿಟ್ಟ ದಾನಗಳು ಹೊಯ್ಸಳರ ಕಾಲದ ಬರಹಗಳಲ್ಲಿ ಹೇರಳವಾಗಿವೆ. ದಾರಿ ಕೊಟ್ಟ ಊರಿನ ದೀಪ ಉರಿಯಬೇಕೆಂಬುದು ಆಗಿನವರ ಲೆಕ್ಕ. ಆ ಸುಂಕಗಳು ಬಡ ವರ್ತಕನಿಗೆ ಹೊರೆಯೂ ಆಗಿದ್ದಿರಬೇಕು. ಹಳೆಯದೆಲ್ಲ ಚಿನ್ನವೆಂದು ನಾನು ವಾದಿಸುವುದಿಲ್ಲ.

ಮಂಗಳೂರಿನ ಶುದ್ಧೀಕರಣಾಗಾರ ಕೆಲಸ ಮೊದಲು ಮಾಡಿದ್ದು ೧೯೯೬ರಲ್ಲಿ. ಅಲ್ಲಿಗೆ ಕಚ್ಚಾ ಎಣ್ಣೆ ಬರುವುದು ಹಡಗುಗಳಲ್ಲಿ. ಹೆಚ್ಚಿನ ಪಾಲು ಹೊರದೇಶಗಳದು. ಸ್ವಲ್ಪ ಮುಂಬೈ ಕಡಲಿನದು. ಮುಂಬೈನಿಂದ ಪಶ್ಚಿಮಕ್ಕೆ ಸುಮಾರು ೧೬೦ ಕಿಲೋಮೀಟರು ದೂರದಲ್ಲಿ, ಸಮುದ್ರದ ನಡುವೆ, ‘ಸಾಗರ್ ಸಮ್ರಾಟ್’ ಎಂಬ ಯಂತ್ರನೌಕೆ ೧೯೭೪ರ ಫೆಬ್ರುವರಿಯಲ್ಲಿ ಎಣ್ಣೆಯನ್ನು ಕಂಡಿತು. ೧೯೭೬ರಲ್ಲಿ ಉತ್ಪಾದನೆ ಮೊದಲಾಯಿತು. ಆ ಎಣ್ಣೆ ಯಾರದೆಂಬ ಜಗಳ ನಮ್ಮಲ್ಲಿ ಏಳಲಿಲ್ಲ. ಕರಾವಳಿಯ ಕಡಲಿನ ಅಡಿಯಲ್ಲಿರುವ ಬೆಲೆಯುಳ್ಳ ವಸ್ತುಗಳೆಲ್ಲ ಕೇಂದ್ರ ಸರ್ಕಾರದವು ಎಂದು ಸಂವಿಧಾನದ ೨೯೭ನೆಯ ವಿಧಿ ಮೊದಲೇ ಹೇಳಿತ್ತು. ೧೯೬೩ರ ತಿದ್ದುಪಡಿಯಿಂದ ಅದು ಇನ್ನೂ ಆಚೆಯ ಕಡಲತಳಕ್ಕೂ ವಿಸ್ತಾರವಾಗಿತ್ತು. ನಿಧಿ ನಿಕ್ಷೇಪಗಳ ಶಾಸನವನ್ನು ನಾವು ನಿಧಿ ಸಿಗುವ ಮೊದಲೇ ಬರೆದಿದ್ದೆವು.

ಉತ್ತರ ಸಮುದ್ರದ ಸುತ್ತಲಿನ ದೇಶಗಳಿಗೆ ಈ ಪ್ರಶ್ನೆ ಎದುರಾದದ್ದು ೧೯೫೯ರ ಅನಂತರ. ಆ ವರ್ಷ ಹಾಲೆಂಡಿನ ಗ್ರೋನಿಂಗೆನ್ ಪ್ರಾಂತದ ಸ್ಲೊಖ್ಟೆರೆನ್ ಎಂಬ ಹಳ್ಳಿಯ ಬಳಿ ಅಪಾರವಾದ ಅನಿಲ ನಿಕ್ಷೇಪ ದೊರೆಯಿತು. ನೆಲದಡಿಯಲ್ಲಿ ಇಷ್ಟಿದ್ದರೆ ಪಕ್ಕದ ಕಡಲಡಿಯಲ್ಲಿಯೂ ಇರಬಾರದೇಕೆ ಎಂದು ಎಣ್ಣೆ ಕಂಪೆನಿಗಳು ಯೋಚಿಸತೊಡಗಿದವು. ಇದಕ್ಕೆ ಒಂದೇ ವರ್ಷದ ಹಿಂದೆ, ೧೯೫೮ರಲ್ಲಿ, ನಾರ್ವೆಯ ಭೂವಿಜ್ಞಾನ ಇಲಾಖೆ ತನ್ನ ಸರ್ಕಾರಕ್ಕೆ ಒಂದು ಪತ್ರ ಬರೆದಿತ್ತು. ನಾರ್ವೆಯ ಕರಾವಳಿಯ ಕಡಲಿನಲ್ಲಿ ಕಲ್ಲಿದ್ದಲಾಗಲಿ ಎಣ್ಣೆಯಾಗಲಿ ಗಂಧಕವಾಗಲಿ ಸಿಕ್ಕುವ ಸಂಭವವನ್ನು ಲೆಕ್ಕಕ್ಕೇ ಹಿಡಿಯಬೇಕಾಗಿಲ್ಲ ಎಂಬುದು ಅದರ ತಾತ್ಪರ್ಯ. ಪಂಡಿತರ ತೀರ್ಪುಗಳು ಹೀಗೆ ತಲೆಕೆಳಗಾಗುವುದನ್ನು ಕಂಡಾಗ ಪಂಡಿತನೆನಿಸಿಕೊಂಡ ನನಗೂ ತುಸು ಕಸಿವಿಸಿಯಾಗುತ್ತದೆ.

೧೯೬೨ರಲ್ಲಿ ಫಿಲಿಪ್ಸ್ ಎಂಬ ಅಮೆರಿಕದ ಕಂಪೆನಿ ನಾರ್ವೆಗೆ ಒಂದು ಬೇಡಿಕೆಯನ್ನು ಕಳುಹಿಸಿತು. ತಿಂಗಳಿಗೆ ೧,೬೦,೦೦೦ ಡಾಲರು ಕೊಡುತ್ತೇವೆ. ಕಡಲಿನಲ್ಲಿ ಎಣ್ಣೆ ಹುಡುಕುವ ಹಕ್ಕು ನಮ್ಮೊಬ್ಬರಿಗೇ ಇರಲಿ. ಮೀನು ಮತ್ತು ಹಡಗುಗಳಿಂದ ಜೀವನ ಸಾಗಿಸುತ್ತಿದ್ದ ದೇಶಕ್ಕೆ ಅದು ಸಣ್ಣ ಹಣವಲ್ಲ. ಆದರೂ ನಾರ್ವೆ ಒಪ್ಪಲಿಲ್ಲ. ೧೯೬೩ರ ಮೇ ೩೧ರಂದು ತನ್ನ ಮಗ್ಗುಲಿನ ಕಡಲತಳ ತನ್ನ ಪ್ರಭುತ್ವಕ್ಕೆ ಸೇರಿದ್ದೆಂದು ಘೋಷಿಸಿತು. ಅದಕ್ಕೆ ಆಧಾರ ೧೯೫೮ರ ಜಿನೀವಾ ಒಪ್ಪಂದ. ನೆಲವೇ ಮೆಲ್ಲಗೆ ಇಳಿಜಾರಾಗಿ ಕಡಲೊಳಗೆ ಮುಂದುವರಿದ ಭಾಗವನ್ನು ಭೂಗೋಳದ ಪುಸ್ತಕಗಳು ಖಂಡಾವರಣ ಎನ್ನುತ್ತವೆ. ಆ ಭಾಗದ ಸಂಪತ್ತು ಅದರ ದಡದಲ್ಲಿರುವ ದೇಶಕ್ಕೆ ಸೇರತಕ್ಕದ್ದೆಂಬುದು ಒಪ್ಪಂದದ ಸಾರ.

ಮಾತೇನೋ ಸರಿ, ಎದುರುಬದುರಾಗಿರುವ ಎರಡು ದೇಶಗಳಿಗೆ ನಡುವಣ ಬದು ಎಲ್ಲಿ? ೧೯೬೫ರಲ್ಲಿ ಇಂಗ್ಲೆಂಡು ನಾರ್ವೆಗಳು ಸರಿಮಧ್ಯದಲ್ಲಿ ಗೆರೆ ಎಳೆದುಕೊಂಡವು. ಇಲ್ಲೊಂದು ಸ್ವಾರಸ್ಯವಿದೆ. ನಾರ್ವೆಯ ದಡಕ್ಕೆ ಹೊಂದಿಕೊಂಡು ಕಡಲಿನಲ್ಲಿ ಆಳವಾದ ಒಂದು ಕಂದಕವಿದೆ. ನಿಮ್ಮ ಖಂಡಾವರಣ ಆ ಕಂದಕಕ್ಕೇ ಮುಗಿಯಿತು, ಆಚೆಯದೆಲ್ಲ ನಮ್ಮದು ಎಂದು ಇಂಗ್ಲೆಂಡು ಹಟ ಹಿಡಿಯಬಹುದಾಗಿತ್ತು. ಹಿಡಿಯಲಿಲ್ಲ. ಬೇಗ ಗೆರೆ ಎಳೆದು ಬೇಗ ಅಗೆಯುವ ಆತುರ ಅದಕ್ಕೆ. ನಾರ್ವೆಯ ಮುಂದಿನ ಐಶ್ವರ್ಯವೆಲ್ಲ ಆ ಕಂದಕದ ಆಚೆಗೇ ಇತ್ತು.

ಜರ್ಮನಿಯ ಪಾಡು ಬೇರೆ. ಅದರ ಕರಾವಳಿ ಒಳಕ್ಕೆ ಬಾಗಿದೆ. ಒಂದು ಪಕ್ಕದಲ್ಲಿ ಡೆನ್ಮಾರ್ಕ್, ಮತ್ತೊಂದು ಪಕ್ಕದಲ್ಲಿ ಹಾಲೆಂಡು ಮುಂದಕ್ಕೆ ಚಾಚಿವೆ. ಕೆರೆಯ ಮೂಲೆಯಲ್ಲಿ ಸಿಕ್ಕಿಕೊಂಡ ಹೊಲದವನನ್ನು ನೆನೆಯಿರಿ. ಇಬ್ಬರು ನೆರೆಯವರೂ ತಮ್ಮ ತಮ್ಮ ಬದುವಿನಿಂದ ಸಮದೂರಕ್ಕೆ ಗೆರೆ ಎಳೆದರೆ ಅವನಿಗೆ ಉಳಿಯುವುದು ಒಂದು ಗೇಣು ನೀರು. ಮೊಕದ್ದಮೆ ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯಕ್ಕೆ ಹೋಯಿತು. ೧೯೬೯ರ ಫೆಬ್ರುವರಿ ೨೦ರಂದು ತೀರ್ಪು ಬಂತು: ಸಮದೂರದ ಗೆರೆಯೇ ಆಗಬೇಕೆಂಬ ಕಟ್ಟಳೆಯಿಲ್ಲ; ನೆಲದ ಸಹಜವಾದ ಮುಂದುವರಿಕೆಯನ್ನು ನೋಡಿ, ನ್ಯಾಯವನ್ನು ಮುಂದಿಟ್ಟುಕೊಂಡು, ಮೂವರೂ ಕುಳಿತು ಮಾತನಾಡಿ ತೀರ್ಮಾನಿಸಿಕೊಳ್ಳಿ. ೧೯೭೧ರಲ್ಲಿ ಹಾಗೆಯೇ ಆಯಿತು. ಬದುವಿನ ಜಗಳಕ್ಕಾಗಿ ಮೂರು ತಲೆಮಾರು ಕಚೇರಿ ಅಲೆಯುವ ನಮ್ಮ ಕಡೆಯವರು ಓದಬೇಕಾದ ತೀರ್ಪು ಅದು.

ಅಷ್ಟರಲ್ಲಿ ಅಗೆತ ನಡೆದೇ ಇತ್ತು. ೧೯೬೫ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಬದಿಯಲ್ಲಿ ‘ಸೀ ಜೆಮ್’ ಎಂಬ ಅಟ್ಟಣೆಯವರು ಅನಿಲವನ್ನು ಕಂಡರು. ಅದೇ ಡಿಸೆಂಬರ್ ೨೭ರಂದು ಅದನ್ನು ಬೇರೆಡೆಗೆ ಸಾಗಿಸಲು ಅಣಿಮಾಡುತ್ತಿದ್ದಾಗ ಕಾಲುಗಳು ಮುರಿದು ಅಟ್ಟಣೆ ಕುಸಿಯಿತು. ೧೩ ಮಂದಿ ಸತ್ತರು. ನಾರ್ವೆಯ ಬದಿಯಲ್ಲಿ ಬಾವಿಯ ಮೇಲೆ ಬಾವಿ ಬರಿದಾಗಿ, ಫಿಲಿಪ್ಸ್ ಕಂಪೆನಿಯವರು ಗಂಟುಮೂಟೆ ಕಟ್ಟುವ ಯೋಚನೆಯಲ್ಲಿದ್ದರು. ಬಾಡಿಗೆಗೆ ತಂದ ಯಂತ್ರದ ಕರಾರು ಇನ್ನೂ ಮುಗಿದಿರಲಿಲ್ಲವಾದ್ದರಿಂದ ಮತ್ತೊಂದು ಬಾವಿ ಕೊರೆದರು. ೧೯೬೯ರ ಕೊನೆಯಲ್ಲಿ ಎಕೋಫಿಸ್ಕ್ ನಿಕ್ಷೇಪ ಹೊರಪಟ್ಟಿತು. ಬೋರ್‌ವೆಲ್ ಕೊರೆಯಿಸಿದವರಿಗೆ ಈ ಕಥೆ ಹೊಸದಲ್ಲ. ನಮ್ಮಲ್ಲಿ ‘ಇನ್ನೊಂದು ಐವತ್ತು ಅಡಿ ನೋಡೋಣ ಸ್ವಾಮಿ’ ಎನ್ನುವ ಲಾರಿಯವನ ಮಾತಿಗೆ ಅಂಥ ಫಲ ಬರುವುದು ಅಪರೂಪ.

ಕಡಲಡಿಯಲ್ಲಿ ಎಣ್ಣೆ ಕೊಳದಂತೆ ನಿಂತಿರುತ್ತದೆಂದು ಅನೇಕರ ಭಾವನೆ. ಹಾಗಿಲ್ಲ. ಅದು ಕಲ್ಲಿನ ರಂಧ್ರಗಳಲ್ಲಿ, ಇಟ್ಟಿಗೆ ನೀರು ಹೀರಿಕೊಂಡಿರುವಂತೆ, ಅಡಗಿರುತ್ತದೆ. ಎಕೋಫಿಸ್ಕಿನಲ್ಲಿ ನೀರಿನ ಆಳ ಸುಮಾರು ೭೦ ಮೀಟರು. ಅದರ ತಳದಿಂದ ಕೆಳಗೆ ಸುಮಾರು ಮೂರು ಕಿಲೋಮೀಟರಿನಲ್ಲಿ ಎಣ್ಣೆಯ ಕಲ್ಲು. ಆ ಕಲ್ಲು ಸೀಮೆಸುಣ್ಣದ ಜಾತಿಯದು. ಸೀಮೆ ಎಂದರೆ ಎಲ್ಲೆ, ನಾಡು. ಆಮೇಲೆ ಬಳಕೆಯಲ್ಲಿ ಪರದೇಶ. ಬುಡ್ಡಿಗೆ ಹೊಯ್ಯುತ್ತಿದ್ದದ್ದನ್ನು ಸೀಮೆಎಣ್ಣೆ ಎಂದು ನಮ್ಮ ಅಜ್ಜಿಯರು ಕರೆದದ್ದು ಅದು ಹೊರಗಿನಿಂದ ಬಂತೆಂದು. ಪರದೇಶದ ಕಡಲಲ್ಲಿ ಸೀಮೆಸುಣ್ಣದ ಒಳಗೆ ಸೀಮೆಎಣ್ಣೆಯ ಮೂಲವಸ್ತು ಅಡಗಿದೆಯೆಂದು ತಿಳಿದಾಗ ಕನ್ನಡ ಪಾಠ ಹೇಳುವ ನನಗೆ ನಗು ಬಂದದ್ದು ನಿಜ. ಆ ಮೆತುವಾದ ಕಲ್ಲು ಎಣ್ಣೆ ಬರಿದಾದಂತೆ ಕುಗ್ಗುತ್ತ ಹೋಯಿತು. ೧೯೮೪ರಲ್ಲಿ ಕಡಲತಳವೇ ಇಳಿಯುತ್ತಿರುವುದು ಕಂಡುಬಂದು, ೧೯೮೭ರಲ್ಲಿ ಅಷ್ಟು ದೊಡ್ಡ ಅಟ್ಟಣೆಗಳನ್ನು ಜಾಕಿ ಕೊಟ್ಟು ಆರು ಮೀಟರು ಎತ್ತಿದರು.

ಎಣ್ಣೆ ಸಿಕ್ಕಿತು, ಆಳುವುದು ಹೇಗೆ? ೧೯೬೮ರಲ್ಲಿ ಇರಾಕಿನ ಫಾರೂಕ್ ಅಲ್‌ಕಾಸಿಂ ಎಂಬ ಭೂವಿಜ್ಞಾನಿಗಳು ನಾರ್ವೆಗೆ ಬಂದರು. ಅವರ ಪತ್ನಿ ಅಲ್ಲಿಯವರು. ಎಳೆಯ ಮಗನ ಅಂಗವೈಕಲ್ಯಕ್ಕೆ ಅಲ್ಲಿ ಚಿಕಿತ್ಸೆ ದೊರೆಯುತ್ತಿತ್ತು. ಓಸ್ಲೋ ನಗರದಲ್ಲಿ ಹೆಂಡತಿಯ ಊರಿನ ರೈಲಿಗೆ ಕಾಯುವ ಹೊತ್ತಿನಲ್ಲಿ, ಕೆಲಸ ಕೊಡಬಲ್ಲ ಎಣ್ಣೆ ಕಂಪೆನಿಗಳು ಯಾವುವೆಂದು ಕೇಳಲು ಅವರು ಕೈಗಾರಿಕಾ ಇಲಾಖೆಗೆ ಹೋದರು. ಎಣ್ಣೆಯ ವಿಷಯ ಬಲ್ಲವರೇ ವಿರಳವಾಗಿದ್ದ ಆ ಇಲಾಖೆ ಅವರನ್ನೇ ಕೆಲಸಕ್ಕೆ ಇಟ್ಟುಕೊಂಡಿತು! ತಮ್ಮ ದೇಶದ ಎಣ್ಣೆಯನ್ನು ಪರದೇಶದ ಕಂಪೆನಿಗಳು ಆಳಿದ್ದನ್ನು ಕಂಡಿದ್ದವರು ಅವರು. ಸರ್ಕಾರದ ಸ್ವಂತ ಎಣ್ಣೆ ಕಂಪೆನಿಯ ಯೋಜನೆಯನ್ನು ರೂಪಿಸಿದವರಲ್ಲಿ ಅವರೂ ಒಬ್ಬರು. ೧೯೭೨ರಲ್ಲಿ ನಾರ್ವೆಯ ಶಾಸನಸಭೆ ಒಮ್ಮತದಿಂದ ‘ಸ್ಟಾಟ್‌ಆಯಿಲ್’ ಕಂಪೆನಿಯನ್ನು ಸ್ಥಾಪಿಸಿತು.

೧೯೯೦ರಲ್ಲಿ ಮತ್ತೊಂದು ಕಾನೂನು ಬಂತು. ಎಣ್ಣೆಯಿಂದ ಸರ್ಕಾರಕ್ಕೆ ಬರುವ ಹಣವನ್ನು ಪ್ರತ್ಯೇಕ ನಿಧಿಯಲ್ಲಿ ಇಡಬೇಕು ಎಂದು. ಮೊದಲ ಕಂತು ಬಿದ್ದದ್ದು ೧೯೯೬ರಲ್ಲಿ. ಆ ಹಣವನ್ನು ಹೊರದೇಶಗಳಲ್ಲಿ ತೊಡಗಿಸುತ್ತಾರೆ. ಅದರ ಆದಾಯದಷ್ಟನ್ನೇ, ೨೦೦೧ರ ಕಟ್ಟಳೆಯಂತೆ ನೂರಕ್ಕೆ ನಾಲ್ಕನ್ನು, ೨೦೧೭ರಿಂದೀಚೆಗೆ ನೂರಕ್ಕೆ ಮೂರನ್ನು, ವರ್ಷವರ್ಷ ಖರ್ಚಿಗೆ ತೆಗೆಯಬಹುದು. ೨೦೧೭ರಲ್ಲಿ ಆ ನಿಧಿ ಒಂದು ಲಕ್ಷ ಕೋಟಿ ಡಾಲರುಗಳನ್ನು ಮುಟ್ಟಿತು. ಆ ದೇಶದ ಜನಸಂಖ್ಯೆ ಸುಮಾರು ೫೫ ಲಕ್ಷ, ಎಂದರೆ ನಮ್ಮ ಹಾಸನ ಜಿಲ್ಲೆಯ ಮೂರರಷ್ಟು. ಶಾಸನದ ಎಂಟು ಮಾತುಗಳಲ್ಲಿ ‘ಆಗಾಮಿ’ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ವ್ಯಾಖ್ಯಾನವನ್ನು ನಾನು ಕಂಡಿಲ್ಲ. ಇಂಗ್ಲೆಂಡು ಇಂಥ ನಿಧಿಯನ್ನು ಕಟ್ಟಲಿಲ್ಲ. ಅದರ ಎಣ್ಣೆಯ ಹಣ ವರ್ಷದ ಆಯವ್ಯಯದಲ್ಲಿ ಬೆರೆತುಹೋಯಿತು. ಉತ್ಪಾದನೆ ೧೯೯೯ರಲ್ಲಿ ತುದಿ ಮುಟ್ಟಿ ಇಳಿಯತೊಡಗಿತು. ಅದರ ಜನಸಂಖ್ಯೆ ದೊಡ್ಡದು, ಕಷ್ಟಗಳೂ ದೊಡ್ಡವು ಎಂದು ಸಮಾಧಾನ ಹೇಳುವವರಿದ್ದಾರೆ. ನನಗೆ ಅದು ಪೂರ್ತಿ ಒಪ್ಪಿಗೆಯಾಗಿಲ್ಲ.

ಆದರೆ ಆ ಇಂಗ್ಲೆಂಡಿನ ಆಳ್ವಿಕೆಯಲ್ಲಿಯೇ ಒಂದು ಮೂಲೆಯ ಜನ ಎಚ್ಚರವಾಗಿದ್ದರು. ಹಾಸನದವರು ಗಮನಿಸಬೇಕಾದದ್ದು ಅವರನ್ನು. ಸ್ಕಾಟ್ಲೆಂಡಿನ ಉತ್ತರಕ್ಕೆ ಶೆಟ್ಲೆಂಡ್ ಎಂಬ ದ್ವೀಪಗಳಿವೆ. ಕುರಿ ಸಾಕುವುದು, ಉಣ್ಣೆ ಹೆಣೆಯುವುದು, ಮೀನು ಹಿಡಿಯುವುದು ಅಲ್ಲಿಯ ಕಸುಬು. ಒಟ್ಟು ಜನ ಇಪ್ಪತ್ತಮೂರು ಸಾವಿರದಷ್ಟು. ಎಣ್ಣೆ ಅವರ ನೆಲದಲ್ಲಿಲ್ಲ, ದೂರದ ಕಡಲಿನಲ್ಲಿದೆ. ಬ್ರೆಂಟ್, ನಿನಿಯನ್ ಮೊದಲಾದ ನಿಕ್ಷೇಪಗಳಿಂದ ಬರುವ ಕೊಳವೆಗಳಿಗೆ ಅವರ ಸಲ್ಲಂ ವೋ ಎಂಬ ಕೊಲ್ಲಿ ಇಳಿದಾಣವಾಗಬೇಕಿತ್ತು, ಅಷ್ಟೆ. ದಾರಿ ಕೊಡುವ ಊರು; ನಮ್ಮ ಹಾಗೆಯೇ. ಕಂಪೆನಿಗಳ ಪ್ರತಿನಿಧಿಗಳು ಬಂದು ನೆಲ ಹುಡುಕತೊಡಗಿದಾಗ ಅಲ್ಲಿನ ಪಂಚಾಯಿತಿಯವರು, ಅವರ ಅಧಿಕಾರಿ ಇಯಾನ್ ಕ್ಲಾರ್ಕ್ ಅವರ ಮುಂದಾಳುತನದಲ್ಲಿ, ನೇರವಾಗಿ ಪಾರ್ಲಿಮೆಂಟಿಗೆ ಹೋದರು. ೧೯೭೪ರಲ್ಲಿ ಅವರಿಗಾಗಿಯೇ ಒಂದು ಕಾನೂನಾಯಿತು. ಬಂದರಿನ ಆಡಳಿತ, ಬೇಕಾದ ನೆಲವನ್ನು ತಾವೇ ಸ್ವಾಧೀನಪಡಿಸಿಕೊಂಡು ಕಂಪೆನಿಗಳಿಗೆ ಬಾಡಿಗೆಗೆ ಕೊಡುವ ಹಕ್ಕು, ಎರಡೂ ಪಂಚಾಯಿತಿಗೆ ಬಂದವು. ‘ನಮ್ಮ ಬಾಳಿಗೆ ಆಗುವ ತೊಂದರೆಗಾಗಿ’ ಎಂದು ಹೆಸರಿಟ್ಟೇ ಕಂಪೆನಿಗಳಿಂದ ವರ್ಷವರ್ಷ ಹಣ ಪಡೆಯುವ ಕರಾರನ್ನೂ ಮಾಡಿಕೊಂಡರು. ಆ ಹಣಕ್ಕಾಗಿ ೧೯೭೬ರಲ್ಲಿ ಒಂದು ಧರ್ಮನಿಧಿ ಏರ್ಪಟ್ಟಿತು. ಮೊದಲ ಎಣ್ಣೆ ಸಲ್ಲಂ ವೋಗೆ ಬಂದದ್ದು ೧೯೭೮ರಲ್ಲಿ. ಅಂದರೆ ಎಣ್ಣೆ ಬರುವ ಮೊದಲೇ ಪಾತ್ರೆ ಸಿದ್ಧವಾಗಿತ್ತು. ಮುದುಕರ ಆರೈಕೆಯ ಮನೆಗಳು, ಆಟದ ಮತ್ತು ಈಜಿನ ಸಭಾಂಗಣಗಳು ಆ ಹಣದಿಂದ ಎದ್ದಿವೆ. ಹೇರಿನ ಸುಂಕದಿಂದ ನಂದಾದೀವಿಗೆ ಉರಿಸಿದ ನಮ್ಮ ಊರುಗಳಿಗೆ ಇದು ಅರ್ಥವಾಗದ ಲೆಕ್ಕವಲ್ಲ.

ದಾರಿ ಕೊಟ್ಟವರಿಗಿಂತ ಹೆಚ್ಚಿನ ಬೆಲೆ ತೆತ್ತವರು ಅಟ್ಟಣೆಗಳ ಮೇಲೆ ದುಡಿದವರು. ೧೯೮೦ರ ಮಾರ್ಚ್ ೨೭ರ ಸಂಜೆ, ಕೆಲಸಗಾರರಿಗೆ ವಸತಿಯಾಗಿದ್ದ ‘ಅಲೆಕ್ಸಾಂಡರ್ ಕೀಲಂಡ್’ ಎಂಬ ತೇಲುವ ಅಟ್ಟಣೆ ಬಿರುಗಾಳಿಯಲ್ಲಿ ಮಗುಚಿತು. ಕೀಲಂಡ್ ನಾರ್ವೆಯ ಹೆಸರಾಂತ ಕಾದಂಬರಿಕಾರರು. ಅವರ ಹೆಸರನ್ನು ಅದಕ್ಕಿಟ್ಟಿದ್ದರು. ಆಸರೆಯ ಒಂದು ಕೊಳವೆಗೆ ಸಣ್ಣ ಉಪಕರಣವೊಂದನ್ನು ಬೆಸೆದ ಕಡೆ ಹುಟ್ಟಿದ ಬಿರುಕು ಬೆಳೆದು ಐದು ಕಾಲುಗಳಲ್ಲಿ ಒಂದು ಮುರಿಯಿತು. ೨೧೨ ಜನರಲ್ಲಿ ೧೨೩ ಮಂದಿ ಮಡಿದರು.

೧೯೮೮ರ ಜುಲೈ ೬ರಂದು ಸ್ಕಾಟ್ಲೆಂಡಿನ ಕಡಲಿನ ‘ಪೈಪರ್ ಆಲ್ಫಾ’ದಲ್ಲಿ ನಡೆದದ್ದು ಒಂದು ಚೀಟಿಯ ಕಥೆ. ಅಲ್ಲಿ ಜೋಡಿ ಪಂಪುಗಳಿದ್ದವು. ಹಗಲು ಪಾಳಿಯವರು ಒಂದು ಪಂಪಿನ ರಕ್ಷಣಾ ವಾಲ್ವನ್ನು ದುರಸ್ತಿಗಾಗಿ ಬಿಚ್ಚಿ, ತೆರೆದ ಬಾಯಿಗೆ ಒಂದು ಲೋಹದ ಮುಚ್ಚಳ ಹಾಕಿದ್ದರು. ಸಂಜೆಯೊಳಗೆ ಕೆಲಸ ಮುಗಿಯಲಿಲ್ಲ. ಪಂಪನ್ನು ನಡೆಸಕೂಡದೆಂಬುದು ಪರವಾನಗಿ ಚೀಟಿಯಿಂದ ತಿಳಿಯಬೇಕಿತ್ತು. ರಾತ್ರಿ ಇನ್ನೊಂದು ಪಂಪು ನಿಂತುಹೋಯಿತು. ರಾತ್ರಿ ಪಾಳಿಯವರ ಕೈಗೆ ಬೇರೊಂದು ಚೀಟಿ ಸಿಕ್ಕಿತೇ ಹೊರತು ವಾಲ್ವಿನ ಚೀಟಿ ಸಿಕ್ಕಲಿಲ್ಲ. ಬಿಚ್ಚಿಟ್ಟ ಪಂಪನ್ನೇ ಅವರು ಚಾಲೂ ಮಾಡಿದರು, ಅನಿಲ ಹೊರನುಗ್ಗಿತು, ಸುಮಾರು ಹತ್ತು ಗಂಟೆಗೆ ಸ್ಫೋಟವಾಯಿತು. ಉರಿಯನ್ನು ದೂರದಿಂದ ಕಂಡರೂ ನೆರೆಯ ಅಟ್ಟಣೆಗಳು ಎಣ್ಣೆಯನ್ನೂ ಅನಿಲವನ್ನೂ ಅದೇ ಕೊಳವೆಗಳಿಗೆ ಸ್ವಲ್ಪ ಹೊತ್ತು ಕಳುಹಿಸುತ್ತಲೇ ಇದ್ದವು. ನಿಲ್ಲಿಸುವ ಅಧಿಕಾರ ಯಾರದೆಂದು ಯಾರೂ ಧೈರ್ಯ ಮಾಡಲಿಲ್ಲ. ಅಪ್ಪಣೆಗೆ ಕಾದು ವಸತಿಯ ಕೋಣೆಯಲ್ಲಿ ಕುಳಿತವರಲ್ಲಿ ಬಹುಮಂದಿ ಹೊಗೆಯಿಂದಲೇ ಸತ್ತರು. ಅಪ್ಪಣೆಯನ್ನು ಲೆಕ್ಕಿಸದೆ ಕಡಲಿಗೆ ಹಾರಿದವರಲ್ಲಿ ಹಲವರು ಉಳಿದರು. ಸತ್ತವರು ೧೬೭, ಬದುಕಿದವರು ೬೧. ವಿಚಾರಣೆ ನಡೆಸಿದ ಲಾರ್ಡ್ ಕಲ್ಲೆನ್ ಅವರು ೧೯೯೦ರಲ್ಲಿ ೧೦೬ ಸಲಹೆಗಳನ್ನು ಕೊಟ್ಟರು. ಕಡಲಿನ ಕೆಲಸದ ಕಟ್ಟಳೆಗಳೆಲ್ಲ ಆ ವರದಿಯಿಂದ ಬದಲಾದವು. ನಾಲ್ಕು ದಶಕ ಮಕ್ಕಳಿಗೆ ‘ಹೇಳಿದಷ್ಟು ಮಾಡು’ ಎಂದು ಕಲಿಸುವ ಉಪಾಧ್ಯಾಯರ ಗುಂಪಿಗೆ ಸೇರಿದ ನನಗೆ ಆ ಹಾರಿದವರ ಸಂಗತಿ ಇಂದಿಗೂ ಮನಸ್ಸನ್ನು ಬಿಟ್ಟು ಹೋಗಿಲ್ಲ.

ನಮ್ಮ ಮುಂಬೈ ಕಡಲಿನಲ್ಲಿಯೂ ೨೦೦೫ರ ಜುಲೈ ೨೭ರಂದು, ಮಳೆಗಾಲದ ಅಬ್ಬರದಲ್ಲಿ, ಗಾಯಗೊಂಡ ಒಬ್ಬನನ್ನು ಅಟ್ಟಣೆಗೆ ದಾಟಿಸಲು ಬಂದ ಹಡಗು ಅಟ್ಟಣೆಗೆ ತಾಗಿ, ಕೊಳವೆ ಒಡೆದು, ಬೆಂಕಿ ಹತ್ತಿತು. ೨೨ ಜನ ಪ್ರಾಣ ಕಳೆದುಕೊಂಡರು. ಎರಡು ಗಂಟೆಯೊಳಗೆ ಅಟ್ಟಣೆ ಉರಿದು ಕಡಲಿನ ಪಾಲಾಯಿತು.

ಕಥೆ ಮೊದಲಾದ ಗ್ರೋನಿಂಗೆನ್ನಿಗೆ ಒಮ್ಮೆ ಹಿಂತಿರುಗೋಣ. ಅಲ್ಲಿ ಅನಿಲ ತೆಗೆದಂತೆಲ್ಲ ನೆಲ ನಡುಗತೊಡಗಿತು. ಮನೆಗಳ ಗೋಡೆಗಳು ಬಿರ್ರನೆ ಬಿರಿದವು. ೨೦೧೨ರಲ್ಲಿ ಹೌಜಿಂಗ ಎಂಬ ಊರಿನ ಬಳಿ ೩.೬ರ ಪ್ರಮಾಣದ ಭೂಕಂಪವಾದ ಮೇಲೆ ಜನರ ಕೂಗು ರಾಜಧಾನಿಗೆ ಕೇಳಿಸಿತು. ೨೦೨೩ರ ಅಕ್ಟೋಬರಿನಲ್ಲಿ ಬಾವಿಗಳನ್ನು ನಿಲ್ಲಿಸಿ, ೨೦೨೪ರಲ್ಲಿ ಶಾಶ್ವತವಾಗಿ ಮುಚ್ಚುವ ಕಾನೂನು ಮಾಡಿದರು. ನೆಲದೊಳಗೆ ಇನ್ನೂ ಅನಿಲ ಉಳಿದಿದೆ, ಆದರೂ ಮುಚ್ಚಿದರು.

ಇನ್ನು ಬ್ರೆಂಟ್. ಶೆಲ್ ಕಂಪೆನಿಯವರು ಉತ್ತರ ಸಮುದ್ರದ ತಮ್ಮ ನಿಕ್ಷೇಪಗಳಿಗೆ ನೀರುಹಕ್ಕಿಗಳ ಹೆಸರನ್ನು ಇಡುತ್ತಿದ್ದರು. ಬ್ರೆಂಟ್ ಎಂಬುದು ಒಂದು ಜಾತಿಯ ಕರಿಯ ಹೆಬ್ಬಾತು. ೧೯೭೧ರಲ್ಲಿ ಸಿಕ್ಕ ಆ ನಿಕ್ಷೇಪದ ಎಣ್ಣೆಯ ಬೆಲೆಯನ್ನೇ ಜಗತ್ತು ಅಳತೆಗೋಲಾಗಿ ಹಿಡಿಯಿತು. ಭಾರತ ಕೊಳ್ಳುವ ಕಚ್ಚಾ ಎಣ್ಣೆಯ ಸರಾಸರಿ ಬೆಲೆಯನ್ನು ಲೆಕ್ಕ ಹಾಕುವಾಗಲೂ ಒಮಾನ್, ದುಬೈ ಎಣ್ಣೆಗಳ ಜೊತೆಗೆ ಬ್ರೆಂಟಿನ ಬೆಲೆಯನ್ನು ಸೇರಿಸುತ್ತಾರೆ. ಚನ್ನರಾಯಪಟ್ಟಣದ ಬಂಕಿನಲ್ಲಿ ಡೀಸೆಲು ಹಾಕಿಸಿಕೊಳ್ಳುವ ಟ್ರಾಕ್ಟರಿನವನಿಗೂ ಹೊಳೆನರಸೀಪುರದಲ್ಲಿ ಸಿಲಿಂಡರಿಗೆ ಹೇಳಿಕಳುಹಿಸುವ ಗೃಹಿಣಿಗೂ ಆ ಹೆಬ್ಬಾತು ದೂರದ್ದಲ್ಲ. ಬ್ರೆಂಟ್ ನಿಕ್ಷೇಪದ ಕೊನೆಯ ಅಟ್ಟಣೆ ೨೦೨೧ರ ಮಾರ್ಚ್ ತಿಂಗಳಲ್ಲಿ ಎಣ್ಣೆ ತೆಗೆಯುವುದನ್ನು ನಿಲ್ಲಿಸಿತು. ಬೇರೆ ಬೇರೆ ಎಣ್ಣೆಗಳ ಬೆಲೆಯನ್ನು ಅದೇ ಹೆಸರಿನಲ್ಲಿ ದಿನವೂ ಸಾರುತ್ತಲೇ ಇದ್ದಾರೆ.